ತಪ್ಪಿದ್ದು ಯಾರ ನಿಯಂತ್ರಣ?

ಸಂಪಾದಕರಿಗೆ,

ಮಾನ್ಯರೇ,

ಅಪಘಾತದ ಸುದ್ದಿಯಲ್ಲಿ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳೂ ಬರೆಯುವ ಒಂದು ಸಾಲಿನ ಬಗ್ಗೆ ನನ್ನ ತಕರಾರಿದೆ. ‘ಚಾಲಕನ ನಿಯಂತ್ರಣ ತಪ್ಪಿದ ಬಸ್ ಹಳ್ಳಕ್ಕೆ ಉರುಳಿ’ ಎಂಬುದೇ ಆ ಸಾಲು. ಹಳ್ಳದ ಜಾಗದಲ್ಲಿ ಮರ, ವಿದ್ಯುತ್ ಕಂಬ, ಸೇತುವೆಯ ತಡೆಗೋಡೆ ಬರಬಹುದು. ಬಸ್ಸಿನ ಜಾಗದಲ್ಲಿ ಲಾರಿ, ಕಾರು, ಟ್ರ್ಯಾಕ್ಟರ್ ಬರಬಹುದು. ಮೊದಲ ಮೂರು ಪದ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ವರದಿಗಾರರು ಸ್ಥಳಕ್ಕೆ ಹೋಗುವ ಮೊದಲೇ ಅವು ಬರೆದಾಗಿರುತ್ತವೆಯೋ ಏನೋ.

ನಾನು ಸಾರಿಗೆ ಸಂಸ್ಥೆಯೊಂದರಲ್ಲಿ ಬಸ್ ಓಡಿಸಿ ನಿವೃತ್ತನಾದವನು. ಬಯಲುಸೀಮೆ, ಮಲೆನಾಡು, ಘಟ್ಟ ಮೂರೂ ಕಡೆ ದುಡಿದಿದ್ದೇನೆ. ಓದು ಹೈಸ್ಕೂಲಿಗೇ ನಿಂತಿತು, ಪತ್ರಿಕೆ ಓದುವ ಚಟ ನಿಲ್ಲಲಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಪತ್ರಿಕೆಗಳ ಕಟ್ಟು ನನ್ನ ಬಸ್ಸಿನ ಬಾನೆಟ್ ಪಕ್ಕದಲ್ಲೇ ಕುಳಿತು ಊರೂರಿಗೆ ಹೋಗುತ್ತಿತ್ತು. ಹಾಗಾಗಿ ನಿಮ್ಮ ಋಣ ನನ್ನ ಮೇಲಿದೆ, ನನ್ನದೂ ನಿಮ್ಮ ಮೇಲಿದೆ. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

‘ತಪ್ಪು’ ಎಂಬ ಕ್ರಿಯಾಪದ ಕನ್ನಡದಲ್ಲಿ ಬಹಳ ಮೃದು. ಬಸ್ ತಪ್ಪುತ್ತದೆ, ದಾರಿ ತಪ್ಪುತ್ತದೆ, ಬಾಯಿ ತಪ್ಪಿ ಮಾತು ಬರುತ್ತದೆ, ಆಯ ತಪ್ಪಿ ಬೀಳುತ್ತೇವೆ. ಇಲ್ಲೆಲ್ಲ ಯಾರನ್ನೂ ದೂರುವ ಉದ್ದೇಶ ಕಾಣುವುದಿಲ್ಲ. ಅದೇ ‘ತಪ್ಪು’ ನಾಮಪದವಾಗಿ ನಿಂತರೆ ಅಪರಾಧ, ಕ್ಷಮೆ, ದಂಡ ಎಲ್ಲವೂ ಹಿಂದೆ ಬರುತ್ತವೆ. ‘ಚಾಲಕನ ನಿಯಂತ್ರಣ ತಪ್ಪಿ’ ಎಂದಾಗ ಮೊದಲ ಅರ್ಥವನ್ನು ಬರೆದವರು ನೀವು, ಎರಡನೆಯದನ್ನು ಓದಿಕೊಳ್ಳುವವರು ಜನ. ಮೇಲಾಗಿ ‘ಚಾಲಕನ’ ಎಂಬ ಷಷ್ಠಿ ವಿಭಕ್ತಿ ಅದನ್ನು ನೇರವಾಗಿ ಒಬ್ಬನ ಕೊರಳಿಗೆ ಕಟ್ಟುತ್ತದೆ. ಟೈರಿನ ನಿಯಂತ್ರಣ, ರಸ್ತೆಯ ನಿಯಂತ್ರಣ, ಡಿಪೋದ ನಿಯಂತ್ರಣ ತಪ್ಪಿತು ಎಂದು ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ.

ಈ ‘ನಿಯಂತ್ರಿಸು’ ಎಂಬ ಪದದ ಹುಟ್ಟು ನನಗೆ ತಿಳಿದದ್ದು ಬಸ್ಸಿನಲ್ಲೇ. ಒಂದೇ ಮಾರ್ಗದಲ್ಲಿ ನನ್ನೊಂದಿಗೆ ಬಹುಕಾಲ ಇದ್ದ ನಿರ್ವಾಹಕರೊಬ್ಬರು ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಹೊಟ್ಟೆಪಾಡಿಗಾಗಿ ಟಿಕೆಟ್ ಚೀಲ ಹೆಗಲಿಗೇರಿಸಿದವರು. ರಾತ್ರಿ ತಂಗುವ ಹಳ್ಳಿಗಳಲ್ಲಿ ಊಟವಾದ ಮೇಲೆ ವೇಬಿಲ್ ಲೆಕ್ಕ ಮುಗಿಸಿ, ಸಂಸ್ಕೃತದ ಹಳೆಯ ಪದ್ಯ ನಿಘಂಟಾದ ಅಮರಕೋಶದ ಸಾಲುಗಳನ್ನು ಗುನುಗುತ್ತಿದ್ದರು. ‘ನಿಯಂತಾ ಪ್ರಾಜಿತಾ ಯಂತಾ ಸೂತಃ ಕ್ಷತ್ತಾ ಚ ಸಾರಥಿಃ’ ಎಂಬ ಸಾಲು ಬಂದಾಗ ನನ್ನತ್ತ ತಿರುಗಿ, “ಡ್ರೈವರ್ ಸಾಹೇಬರೇ, ಈ ಆರೂ ನಿಮ್ಮವೇ ಹೆಸರುಗಳು” ಎಂದರು.

ನಿಯಂತಾ ಎಂದರೆ ಸಾರಥಿ. ಲಗಾಮು ಹಿಡಿದು ರಥದ ಮುಂದೆ ಕುಳಿತವನು. ‘ಯಮ್’ ಎಂಬ ಧಾತುವಿಗೆ ಹಿಡಿದು ನಿಲ್ಲಿಸುವುದು, ಬಿಗಿ ಹಿಡಿಯುವುದು ಎಂಬ ಅರ್ಥ. ನಿಯಮ, ಸಂಯಮ ಎರಡೂ ಅದರಿಂದಲೇ ಬಂದವು. ಯಂತ್ರ ಎಂಬ ಪದವೂ ಅದೇ ಮನೆಯದು. ಮೊದಲು ಅದರ ಅರ್ಥ ಕಟ್ಟುವ ಸಾಧನ, ಬಿಗಿಯುವ ಪಟ್ಟಿ ಎಂದಿತ್ತಂತೆ. ಹಿಡಿದು ನಿಲ್ಲಿಸಲು ಬಳಸುತ್ತಿದ್ದ ವಸ್ತುವಿನ ಹೆಸರನ್ನು, ಹಿಡಿದು ನಿಲ್ಲಿಸುವುದೇ ಕಷ್ಟವಾಗಿರುವ ವಸ್ತುವಿಗೆ ಇಟ್ಟುಕೊಂಡಿದ್ದೇವೆ! ಆ ಬುಡದಿಂದ ನಿಯಂತ್ರಣ ಎಂಬ ಭಾವನಾಮ ಬಂತು. ಕನ್ನಡ ಅದಕ್ಕೆ ತನ್ನ ‘ಇಸು’ ಹಚ್ಚಿ ನಿಯಂತ್ರಿಸು ಮಾಡಿಕೊಂಡಿತು.

ಆ ಪಟ್ಟಿಯಲ್ಲಿರುವ ‘ಸೂತ’ನನ್ನೂ ಗಮನಿಸಬೇಕು. ಕರ್ಣನನ್ನು ಹೀಗಳೆಯಲು ಬಳಸಿದ ಮಾತು ‘ಸೂತಪುತ್ರ’. ಎಂದರೆ ಡ್ರೈವರನ ಮಗ. ಬೈಗುಳಕ್ಕೆ ನಮ್ಮ ವೃತ್ತಿಯನ್ನು ಬಳಸುವ ಪದ್ಧತಿ ಮೊನ್ನೆ ಮೊನ್ನೆಯದಲ್ಲ.

ಇಂಗ್ಲಿಷಿನ ಕಂಟ್ರೋಲ್ ಎಂಬ ಪದಕ್ಕೂ ಲಗಾಮಿಗೂ ಸಂಬಂಧವೇ ಇಲ್ಲ ಎಂಬುದು ನಿಘಂಟು ತಿರುವಿದಾಗ ತಿಳಿಯಿತು. ಅದು ಹಳೆಯ ಫ್ರೆಂಚಿನಿಂದ ಬಂದ ಲೆಕ್ಕದ ಪದ. ಲೆಕ್ಕ ಬರೆದ ಒಂದು ಸುರುಳಿಗೆ ಎದುರಾಗಿ ಇನ್ನೊಂದು ಪ್ರತಿ ಸುರುಳಿ ಇಟ್ಟುಕೊಂಡು, ಎರಡನ್ನೂ ತಾಳೆ ನೋಡುವುದೇ ಅದರ ಮೂಲ ಕೆಲಸ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ (ಕಂಟ್ರೋಲರ್ ಅಂಡ್ ಆಡಿಟರ್ ಜನರಲ್) ಎಂಬ ಹುದ್ದೆಯ ಮೊದಲ ಅಕ್ಷರ ಇಂದಿಗೂ ಆ ಲೆಕ್ಕದ ಕಂಟ್ರೋಲರನದೇ. ಇದನ್ನು ಓದಿದಾಗ ನನಗೆ ನೆನಪಾದದ್ದು ಬಸ್ ನಿಲ್ದಾಣದ ಕಿಟಕಿಯ ಹಿಂದೆ ಕೂರುವ ನಮ್ಮ ಸಂಚಾರ ನಿಯಂತ್ರಕರು. ಬಸ್ ಬಂದ ಹೊತ್ತು, ಹೊರಟ ಹೊತ್ತು ಪುಸ್ತಕದಲ್ಲಿ ಬರೆದು, ನಮ್ಮ ಹಾಳೆಗೆ ಸಹಿ ಹಾಕಿ, ಎರಡೂ ತಾಳೆಯಾಗುತ್ತವೆಯೇ ಎಂದು ನೋಡುವವರು. ಅವರು ಅಪ್ಪಟ ಇಂಗ್ಲಿಷ್ ಅರ್ಥದ ಕಂಟ್ರೋಲರ್. ಅದೇ ನಿಲ್ದಾಣದಿಂದ ಸ್ಟೇರಿಂಗ್ ಹಿಡಿದು ಹೊರಡುವವನು ಅಪ್ಪಟ ಸಂಸ್ಕೃತದ ನಿಯಂತಾ. ನಾವು ಎರಡನ್ನೂ ಒಂದೇ ಪದದಲ್ಲಿ ತುಂಬಿದ್ದೇವೆ. ಹಾಗಾಗಿ ‘ನಿಯಂತ್ರಣ ತಪ್ಪಿತು’ ಎಂದಾಗ ಲಗಾಮು ಕೈಯಿಂದ ಜಾರಿತೋ, ಪುಸ್ತಕದ ಲೆಕ್ಕ ತಪ್ಪಿತೋ ಹೇಳುವುದು ಕಷ್ಟ. ಬಹಳಷ್ಟು ಅಪಘಾತಗಳಲ್ಲಿ ಮೊದಲು ತಪ್ಪಿರುವುದು ಪುಸ್ತಕದ್ದೇ. ‘ಮುಂದಿನ ಎಡ ಟೈರ್ ಸವೆದಿದೆ’ ಎಂದು ಚಾಲಕ ಬರೆದುಕೊಟ್ಟ ದೂರಿನ ಮುಂದೆ ‘ಸರಿಪಡಿಸಲಾಗಿದೆ’ ಎಂದು ಟೈರನ್ನು ಮುಟ್ಟದೆಯೇ ಬರೆಯುವವರಿದ್ದಾರೆ.

ಟೈರಿನ ಮಾತು ಬಂದದ್ದರಿಂದ ನನ್ನದೇ ಒಂದು ಪ್ರಸಂಗ ಹೇಳಬೇಕು. ಕೆರೆ ಏರಿ ದಾಟಿ ರಸ್ತೆ ಇಳಿಯುವ ಜಾಗ. ಎಡಕ್ಕೆ ಕೋಡಿ ನೀರು ಹರಿಯುವ ಆಳದ ಹಳ್ಳ, ಬಲಕ್ಕೆ ರಸ್ತೆಯ ಮಟ್ಟಕ್ಕೇ ಇರುವ, ರಾಗಿ ಕೊಯ್ದಾಗಿದ್ದ ಹೊಲ. ಮುಂದಿನ ಎಡ ಟೈರ್ ಸಿಡಿಯಿತು. ಮುಂದಿನ ಟೈರ್ ಸಿಡಿದರೆ ಗಾಡಿ ಸಿಡಿದ ಪಕ್ಕಕ್ಕೇ ಎಳೆಯುತ್ತದೆ, ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಷ್ಟು ಬಲವಾಗಿ. ಆಗ ಯಾರ ಕಾಲಾದರೂ ಬ್ರೇಕಿನ ಮೇಲೆ ಹೋಗುತ್ತದೆ, ಹೋಗಬಾರದು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಕ್ಕೆ ಬಂದು, ಸತ್ತ ಚಕ್ರದ ಮೇಲೆ ಕುಳಿತು, ಎಳೆತ ಇನ್ನೂ ಹೆಚ್ಚಾಗುತ್ತದೆ. ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆದು, ಎರಡೂ ತೋಳು ಬಿಗಿದು, ಸ್ಟೇರಿಂಗನ್ನು ಬಲಕ್ಕೆ ಹಿಡಿದೇ ಇರಬೇಕು. ಗಾಡಿ ತಾನಾಗಿ ವೇಗ ಕಳೆದುಕೊಳ್ಳಲು ಬಿಡಬೇಕು. ಎದುರಿನಿಂದ ವಾಹನ ಬರುತ್ತಿರಲಿಲ್ಲ. ಬಸ್ಸನ್ನು ರಸ್ತೆ ದಾಟಿಸಿ ಹೊಲಕ್ಕೆ ಇಳಿಸಿದೆ. ಕೂಳೆಯ ಮೇಲೆ ಕುಲುಕುತ್ತ ಹೋಗಿ ಬದುವಿನ ಹತ್ತಿರ ನಿಂತಿತು. ಒಬ್ಬ ಅಜ್ಜಿಯ ಮೊಣಕೈ ತರಚಿತು. ಹೊಲದ ಯಜಮಾನರು ಮೊದಲು ಬೈದರು, ಆಮೇಲೆ ಎಲ್ಲರಿಗೂ ನೀರು ಕೊಟ್ಟರು.

ಮರುದಿನ ಒಂದು ಪತ್ರಿಕೆಯಲ್ಲಿ (ನಿಮ್ಮದಲ್ಲ) ‘ಚಾಲಕನ ನಿಯಂತ್ರಣ ತಪ್ಪಿ ಹೊಲಕ್ಕೆ ನುಗ್ಗಿದ ಬಸ್’ ಎಂದು ಬಂತು. ನನ್ನ ಇಡೀ ನೌಕರಿಯಲ್ಲಿ ಒಂದು ಗಾಡಿ ಸಂಪೂರ್ಣವಾಗಿ ನನ್ನ ನಿಯಂತ್ರಣದಲ್ಲಿದ್ದ ಹೊತ್ತು ಯಾವುದಾದರೂ ಇದ್ದರೆ ಅದೇ. ನುಗ್ಗಿದ್ದೂ ಅಲ್ಲ, ನಾನು ನುಗ್ಗಿಸಿದ್ದು. ಆ ‘ಇಸು’ ಬಿಟ್ಟುಹೋದದ್ದಕ್ಕೆ ಮೇಲಧಿಕಾರಿಗಳ ಮುಂದೆ ವಿವರಣೆ ಬರೆದುಕೊಡುತ್ತ ಓಡಾಡಬೇಕಾಯಿತು. ವಿಚಾರಣೆ ಮಾಡಿದವರ ಕಡತದಲ್ಲಿ ಮೊದಲ ಕಾಗದವೇ ಆ ಪತ್ರಿಕೆಯ ತುಣುಕು.

ಚಾಲಕರು ಹಾಲಿನಲ್ಲಿ ತೊಳೆದವರು ಎಂದು ನಾನು ವಾದಿಸುತ್ತಿಲ್ಲ. ಮೊಬೈಲ್ ಕಿವಿಗಿಟ್ಟುಕೊಂಡು ತಿರುವಿನಲ್ಲಿ ಒಂದೇ ಕೈಯಲ್ಲಿ ಓಡಿಸುವವರನ್ನು ನೋಡಿದ್ದೇನೆ, ಬೈದೂ ಇದ್ದೇನೆ. ಡೀಸೆಲ್ ಉಳಿಸುವ ಆಸೆಗೆ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಬಿಡುವವರಿದ್ದಾರೆ. ಘಟ್ಟದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬುದು ನಮಗೆ ಹಿರಿಯರು ಕಲಿಸಿದ ಮೊದಲ ಪಾಠ. ಚಾರ್ಮಾಡಿಯಲ್ಲೋ ಆಗುಂಬೆಯ 14 ತಿರುವುಗಳಲ್ಲೋ ಎಂಜಿನ್ನಿನ ಹಿಡಿತ ಬಿಟ್ಟು ಬ್ರೇಕನ್ನೇ ನಂಬಿದರೆ ಡ್ರಮ್ಮು ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅದು ಚಾಲಕನ ತಪ್ಪೇ. ಹಾಗಿದ್ದರೆ ಹಾಗೆಂದೇ ಬರೆಯಿರಿ: ‘ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಸುತ್ತಿದ್ದುದರಿಂದ ಬ್ರೇಕ್ ಕಾದು ಹಿಡಿಯಲಿಲ್ಲ’ ಎಂದು. ಅದನ್ನು ಓದಿದ ಇನ್ನೊಬ್ಬ ಚಾಲಕ ಗೇರ್ ಮೇಲೆ ಕೈ ಇಡುತ್ತಾನೆ. ‘ನಿಯಂತ್ರಣ ತಪ್ಪಿ’ ಎಂದು ಓದಿದವನು ಪುಟ ತಿರುಗಿಸುತ್ತಾನೆ.

ಸುಗ್ಗಿಯಲ್ಲಿ ಇನ್ನೊಂದು ಸಮಸ್ಯೆ. ಬಯಲುಸೀಮೆಯ ರಸ್ತೆಗಳಲ್ಲಿ ಹುರುಳಿ, ರಾಗಿಯನ್ನು ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಣ ಮಾಡುವವರೂ ಇಲ್ಲ, ಆಳೂ ಸಿಗುವುದಿಲ್ಲ, ರೈತರ ಕಷ್ಟ ನನಗೆ ಗೊತ್ತು. ಆದರೆ ಒಣಗಿದ ಹುರುಳಿಕಾಳಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಂತರೂ ಗಾಡಿ ನಿಲ್ಲುವುದಿಲ್ಲ. ದ್ವಿಚಕ್ರ ವಾಹನದವರಂತೂ ಹೋದಂತೆಯೇ. ಮರುದಿನ ಅದೇ ಸಾಲು: ‘ಸವಾರನ ನಿಯಂತ್ರಣ ತಪ್ಪಿ’. ಕಾಳಿನ ಹೆಸರೇ ಇರುವುದಿಲ್ಲ.

ಹಳೆಯ ಮಾತುಗಳು ಇಷ್ಟು ಸೋಮಾರಿಯಾಗಿರಲಿಲ್ಲ. ಪ್ರತಿಯೊಂದರಲ್ಲೂ ಹಿಡಿಯುವ ಸಾಧನ ಇರುತ್ತಿತ್ತು. ಎತ್ತಿಗೆ ಮೂಗುದಾರ, ಕುದುರೆಗೆ ಕಡಿವಾಣ, ಆನೆಗೆ ಅಂಕುಶ. ಹದ್ದುಬಸ್ತು ಎಂಬುದು ಕಂದಾಯದವರ ಮಾತು, ಜಮೀನಿನ ಗಡಿ ಗುರುತಿಸಿ ಭದ್ರಪಡಿಸುವುದು. ಸರ್ವೆ ಇಲಾಖೆಗೆ ಇಂದಿಗೂ ಹದ್ದುಬಸ್ತಿಗೆ ಅರ್ಜಿ ಹಾಕುತ್ತಾರೆ. ಮಗನನ್ನು ಹದ್ದುಬಸ್ತಿನಲ್ಲಿಡು ಎಂದರೆ ಗಡಿ ತೋರಿಸು ಎಂದು ಅರ್ಥ. ಹತೋಟಿ ಮರಾಠಿಯ ಕಡೆಯಿಂದ ಬಂದದ್ದು, ಅಲ್ಲಿ ಅದು ಕೈಚಳಕ. ಎಂದರೆ ಬಲವಿದ್ದರೆ ಸಾಲದು, ಕೈ ಪಳಗಿರಬೇಕು. ಚಾಲಕರ ಕೆಲಸಕ್ಕೆ ಇಷ್ಟು ಹತ್ತಿರದ ಪದ ಇನ್ನೊಂದು ನನಗೆ ತೋಚುವುದಿಲ್ಲ. ಇನ್ನು ‘ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು’ ಎಂಬ ಗಾದೆಯನ್ನು ‘ನಿಯಂತ್ರಣವಿಲ್ಲದ ಕಪಿ’ ಎಂದು ಮಾಡಿ ನೋಡಿ, ಬಾಯಿಗೇ ಬರುವುದಿಲ್ಲ.

ನಿಮ್ಮ ಶೀರ್ಷಿಕೆಗಳಲ್ಲಿ ಕಡಿವಾಣ ಒಂದು ಉಳಿದುಕೊಂಡಿದೆ. ಮರಳು ದಂಧೆಗೆ ಕಡಿವಾಣ, ಬೆಲೆ ಏರಿಕೆಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ. ಊರಲ್ಲಿ ಕುದುರೆಗಳು ಹೋಗಿಯೇ ಬಿಟ್ಟವು, ಕಡಿವಾಣಕ್ಕೆ ಮಾತ್ರ ಬಿಡುವಿಲ್ಲ.

ನಿಯಂತ್ರಿಸು ಎಂಬ ಪದವನ್ನೇ ಓಡಿಸಿಬಿಡಿ ಎಂದು ನಾನು ಹೇಳುವುದಿಲ್ಲ. ಅದು ಸರಿಯಾಗಿ ಕೂರುವ ಜಾಗಗಳಿವೆ. ಮಧುಮೇಹ ವಾಸಿಯಾಗುವುದಿಲ್ಲ, ನಿಯಂತ್ರಣದಲ್ಲಿರುತ್ತದೆ. ನನಗೇ ಇದೆ, ಊಟ ಮತ್ತು ಮಾತ್ರೆಯ ಲಗಾಮನ್ನು ನಾನೇ ಹಿಡಿದಿದ್ದೇನೆ. ಅಣೆಕಟ್ಟೆಯ ಗೇಟು ಎತ್ತಿ ಇಳಿಸಿ ಹೊರಹರಿವನ್ನು ನಿಯಂತ್ರಿಸುತ್ತಾರೆ, ಸರಿ. ಬೆಂಕಿ ಇನ್ನೂ ಆರಿಲ್ಲ, ಆದರೆ ಹಬ್ಬುತ್ತಿಲ್ಲ ಎನ್ನುವಾಗ ನಿಯಂತ್ರಣಕ್ಕೆ ಬಂತು ಎಂಬುದು ಒಪ್ಪುವ ಮಾತು. 1974ರ ಜಲ ಮಾಲಿನ್ಯ ಕಾಯ್ದೆಯ ಹೆಸರಿನಲ್ಲೇ ತಡೆ ಮತ್ತು ನಿಯಂತ್ರಣ ಎಂದು ಎರಡು ಪದಗಳಿವೆ, ಏಕೆಂದರೆ ಆಗದಂತೆ ನೋಡಿಕೊಳ್ಳುವುದು ಬೇರೆ, ಆಗುತ್ತಿರುವುದನ್ನು ಮಿತಿಯಲ್ಲಿಡುವುದು ಬೇರೆ. ಕಾನೂನು ಬರೆದವರಿಗಿದ್ದ ಈ ಎಚ್ಚರ ಸುದ್ದಿ ಬರೆಯುವವರಿಗೂ ಇರಲಿ. ಹಿಡಿದವನು ಯಾರು, ಹಿಡಿದಿರುವುದು ಏನನ್ನು, ಯಾವುದರಿಂದ ಎಂಬ ಮೂರಕ್ಕೂ ಉತ್ತರವಿದ್ದರೆ ನಿಯಂತ್ರಿಸು ಎಂದು ಧಾರಾಳವಾಗಿ ಬರೆಯಿರಿ. ‘ಪೊಲೀಸರು ಲಾಠಿ ಬೀಸಿ ಗುಂಪನ್ನು ನಿಯಂತ್ರಿಸಿದರು’ ಎಂಬಲ್ಲಿ ಲಗಾಮು ಯಾವುದು? ಹೊಡೆದು ಚದುರಿಸಿದರು ಎನ್ನಿ.

ಕಠೋಪನಿಷತ್ತಿನಲ್ಲಿ ದೇಹವೇ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ ಎಂದಿದೆಯಂತೆ. ಅದೇ ನಿರ್ವಾಹಕರು ಹೇಳಿದ್ದು. ಅಲ್ಲಿಯೂ ರಥ ದಾರಿ ತಪ್ಪಿದರೆ ದೂರು ಬರುವುದು ತಿಳಿವಿಲ್ಲದ ಸಾರಥಿಯ ಮೇಲೆಯೇ, ನಿಜ. ಆದರೆ ಉಪನಿಷತ್ತು ರಥ, ಕುದುರೆ, ಲಗಾಮು, ಸಾರಥಿ ಎಲ್ಲವನ್ನೂ ಬೇರೆ ಬೇರೆ ಹೆಸರಿಟ್ಟು ಎಣಿಸಿದ ಮೇಲೆಯೇ ತೀರ್ಪು ಕೊಡುತ್ತದೆ. ಜಿಲ್ಲಾ ವರದಿಗಾರರಿಂದ ನಾನು ಕೇಳುವುದೂ ಅಷ್ಟನ್ನೇ.

ಹೆಸರಿಟ್ಟು ಎಣಿಸಲು ಕಾನೂನಿನಲ್ಲೇ ದಾರಿಯಿದೆ. ಮೋಟಾರು ವಾಹನ ಕಾಯ್ದೆ, 1988ರ 136ನೇ ಕಲಮಿನಡಿ ಅಪಘಾತಕ್ಕೀಡಾದ ವಾಹನವನ್ನು ಪರಿಶೀಲಿಸಬಹುದು. ಮೋಟಾರು ವಾಹನ ನಿರೀಕ್ಷಕರು ಬಂದು ಬ್ರೇಕ್, ಸ್ಟೇರಿಂಗ್, ಟೈರ್ ನೋಡಿ, ಯಾಂತ್ರಿಕ ದೋಷದಿಂದ ಆಯಿತೇ ಇಲ್ಲವೇ ಎಂದು ವರದಿ ಕೊಡುತ್ತಾರೆ. ಆ ವರದಿ ಬರುವ ಹೊತ್ತಿಗೆ ಸುದ್ದಿ ಹಳೆಯದಾಗಿರುತ್ತದೆ, ಯಾರಿಗೂ ಬೇಡ. 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ತಪ್ಪು ರಸ್ತೆಯದೂ ಆಗಿರಬಹುದು ಎಂದು ಸಂಸತ್ತೇ ಒಪ್ಪಿದೆ, ನಮ್ಮ ಅಪಘಾತದ ವರದಿಗಳು ಇನ್ನೂ ಒಪ್ಪಿಲ್ಲ. ಚಾಲಕ ನಿದ್ದೆಗೆ ಜಾರಿದ ಎಂದು ಬರೆಯುವಾಗಲೂ ಅವನು ಕೆಲಸಕ್ಕೆ ಹತ್ತಿದ್ದು ಯಾವಾಗ ಎಂದು ಕೇಳಿ ಬರೆಯಿರಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು.

ಪೊಲೀಸರ ಎಫ್‌ಐಆರ್‌ಗೆ ತನ್ನದೇ ಸಿದ್ಧ ಸಾಲಿದೆ, ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. 2024ರ ಜುಲೈವರೆಗೆ ಐಪಿಸಿ 279 ಮತ್ತು 304ಎ ಇದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1) ಆಗಿವೆ. ಕಲಮಿನ ಅಂಕಿ ಬದಲಾಯಿತು, ಸಾಲು ಬದಲಾಗಲಿಲ್ಲ. ಪೊಲೀಸರಿಗೆ ಕಲಮಿಗೆ ಹೊಂದುವ ಮಾತು ಬೇಕು, ಅವರ ಅನಿವಾರ್ಯ ನನಗೆ ಅರ್ಥವಾಗುತ್ತದೆ. ಪತ್ರಿಕೆಗೆ ಆ ಅನಿವಾರ್ಯವಿಲ್ಲ.

ಅಪಘಾತವಾದ ರಾತ್ರಿಯೇ ಕಾರಣ ಹುಡುಕಿ ಎಂದು ನಾನು ಕೇಳುತ್ತಿಲ್ಲ. ಗೊತ್ತಿದ್ದಷ್ಟು ಬರೆಯಿರಿ. ಬಸ್ ಉರುಳಿತು, ಮರಕ್ಕೆ ಬಡಿಯಿತು, ಹಳ್ಳಕ್ಕೆ ಬಿತ್ತು. ಕನ್ನಡದ ಕ್ರಿಯಾಪದಗಳು ಒಂಟಿಯಾಗಿಯೂ ನಿಲ್ಲುತ್ತವೆ. ಕಾರಣ ತಿಳಿಯದಿದ್ದರೆ ‘ಕಾರಣ ಇನ್ನೂ ತಿಳಿದುಬಂದಿಲ್ಲ’ ಎಂದು ಸೇರಿಸಿ. ನಿರೀಕ್ಷಕರ ವರದಿ ಬಂದ ಮೇಲೆ, ಮೊದಲ ಸುದ್ದಿ ಬಂದ ಪುಟದಲ್ಲೇ ಎರಡು ಸಾಲು ಹಾಕಿ. ಜಾಗ ಸಾಲದಿದ್ದರೆ ವಾಚಕರ ವಾಣಿಯಿಂದ ಕತ್ತರಿಸಿಕೊಳ್ಳಿ. ಕತ್ತರಿ ಈ ಪತ್ರದಿಂದಲೇ ಶುರುವಾದರೂ ನನ್ನದೇನೂ ಅಭ್ಯಂತರವಿಲ್ಲ, ಟೈರಿನ ಪ್ರಸಂಗ ಮಾತ್ರ ಉಳಿಸಿ.

ಇಂತಿ,
ನಿವೃತ್ತ ಬಸ್ ಚಾಲಕ
ಚಿಕ್ಕಮಗಳೂರು ಜಿಲ್ಲೆ